ಬಂಗಾರದಲ್ಲಿ ತಾಮ್ರವೆಷ್ಟು



ಸೈದಾಪುರದ ಈ ಉಪನ್ಯಾಸದ ಆಮಂತ್ರಣ ಪತ್ರಿಕೆ ಹಂಚಿದ ಮರುದಿನ ನನಗೆ ಫೋನ್ ಮಾಡಿದವರು ಒಬ್ಬ ಶಿಕ್ಷಕರು. "ಮೇಡಂ, ಈ ಸಲದ ಲಿಸ್ಟ್ ಯಾವಾಗ ಬಿಡ್ತಾರಂತ್ರಿ?" ಎಂದು ಕೇಳಿದರು. ಯಾವ ಲಿಸ್ಟು ಎಂಬುದು ನನಗೆ ಹೊಳೆಯಲಿಲ್ಲ. ಪತ್ರಿಕೆ ತೆಗೆದು ನೋಡಿದರೆ, ನಾನು ಕಳಿಸಿದ್ದ ನಾಲ್ಕು ಸಾಲಿನ ಟಿಪ್ಪಣಿಯಲ್ಲಿ 'ವರ್ಗಾವಣೆ' ಎಂಬ ಮಾತಿತ್ತು. ಸಂಘಟಕರು ನನ್ನ 'ಆಪ್ತಸಮಾಲೋಚನೆ'ಯನ್ನು ತೆಗೆದು, ಎಲ್ಲರಿಗೂ ತಿಳಿಯಲೆಂದು 'ಕೌನ್ಸೆಲಿಂಗ್' ಎಂದು ಹಾಕಿದ್ದರು. ಈ ಎರಡು ಪದ ಒಂದೇ ಉಸಿರಿನಲ್ಲಿ ಬಂದರೆ, ವರ್ಗಾವಣೆಯ ಕೌನ್ಸೆಲಿಂಗ್‌ಗೆ ಕಾಯುವ ನಮ್ಮ ಕಡೆಯ ಮಾಸ್ತರ ಎದೆ ಹೊಡೆದುಕೊಳ್ಳದೆ ಏನು ಮಾಡೀತು? ಅವರಿಗೆ ನಿರಾಸೆ ಮಾಡಬೇಕಾಯಿತು. ಆದರೂ ಇವತ್ತು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ಸಂತೋಷ. ನಾನು ಹೇಳಲಿರುವ ವರ್ಗಾವಣೆಯಲ್ಲೂ ಒಂದು ಕಡೆ ಇದ್ದದ್ದು ಇನ್ನೊಂದು ಕಡೆಗೆ ಹೋಗುತ್ತದೆ. ಆದೇಶ ಹೊರಡಿಸಿದವರು ಯಾರೆಂಬುದು ಮಾತ್ರ ಕಾಣುವುದಿಲ್ಲ.

ಒಬ್ಬ ಹೆಣ್ಣುಮಗಳ ವಿಷಯದಿಂದ ಶುರು ಮಾಡುತ್ತೇನೆ. ಎರಡು ಮೂರು ಜನರ ಕತೆ ಇದರಲ್ಲಿ ಬೆರೆತಿದೆ. ಊರು, ಮನೆತನ ಗುರುತು ಹತ್ತದಂತೆ ಬದಲಿಸಿದ್ದೇನೆ, ಹುಡುಕಲು ಹೋಗಬೇಡಿ. ವಯಸ್ಸು ಐವತ್ತರ ಹತ್ತಿರ. "ಗಂಟಲಾಗ ಏನೋ ಸಿಕ್ಕೊಂಡಂಗ ಆಗ್ಯಾದ್ರಿ ಅಕ್ಕೋರ. ನುಂಗಿದ್ರ ಇಳಿಯಂಗಿಲ್ಲ, ಉಗುಳಿದ್ರ ಬರಂಗಿಲ್ಲ" ಎಂದು ಬಂದಳು. ಎಕ್ಸ್‌ರೇ ಆಗಿತ್ತು, ಥೈರಾಯ್ಡ್ ನೋಡಿಸಿದ್ದಾಗಿತ್ತು, ದುರ್ಬೀನು ಹಾಕಿ ನೋಡಿ ಏನೂ ಇಲ್ಲ ಎಂದು ಹೇಳಿದ್ದರು. ತಿಂಥಣಿಗೆ ಹೋಗಿ ಬಂದಿದ್ದಳು, ಗೋಗಿಯ ದರ್ಗಾದಲ್ಲಿ ಸಕ್ಕರೆ ಓದಿಸಿದ್ದಳು. ಕೊನೆಗೆ ಡಾಕ್ಟರೊಬ್ಬರು ರಾಯಚೂರಿನಲ್ಲಿ ಮನೋಚಿಕಿತ್ಸೆ ನಡೆಸುವ ನನಗೆ ಚೀಟಿ ಬರೆದುಕೊಟ್ಟರು. ಹದಿನೈದು ದಿನಕ್ಕೊಮ್ಮೆ ಇದೇ ಸೈದಾಪುರ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ ಬರುತ್ತಿದ್ದಳು. ಪ್ರತಿ ಸಲ ಬಟ್ಟೆಯಲ್ಲಿ ಕಟ್ಟಿದ ಸಜ್ಜಿ ರೊಟ್ಟಿ, ಜೊತೆಗೆ ಒಂದು ಡಬ್ಬಿ ಶೇಂಗಾ ಹಿಂಡಿ. ಬೇಡ ಎಂದರೆ ನಮ್ಮ ಕಡೆ ಅದು ಅವಮಾನ. ತೆಗೆದುಕೊಂಡೆ. ರೊಟ್ಟಿ ಚೆನ್ನಾಗಿಯೂ ಇದ್ದವು ಅನ್ನಿ.

ಅವಳಿಗೆ ನಾನು ಕೊಟ್ಟದ್ದು ಯಾವ ಚಿಕಿತ್ಸೆ? ಹೆಸರು ಸೈಕೋಡೈನಮಿಕ್ ಥೆರಪಿ. ಕನ್ನಡದಲ್ಲಿ ಕೆಲವರು 'ಮನೋಚಲನಾತ್ಮಕ ಚಿಕಿತ್ಸೆ' ಎಂದು ಬರೆಯುತ್ತಾರೆ. ಓದಿದರೆ ಇಂಜಿನ್ ರಿಪೇರಿಯಂತೆ ಕೇಳಿಸುತ್ತದೆ. ನನಗೆ 'ಮನೋಗತಿ ಚಿಕಿತ್ಸೆ' ಹಿಡಿಸುತ್ತದೆ. ಗತಿ ಎಂದರೆ ಚಲನೆ. 'ನನ್ನ ಗತಿ ಏನ್ರಿ' ಎಂದು ಕೇಳುವಾಗ ಅದೇ ಪದ ದಿಕ್ಕು, ಪಾಡು ಎಂಬ ಅರ್ಥಕ್ಕೂ ತಿರುಗುತ್ತದೆ. ನನ್ನ ಮುಂದೆ ಕೂತವರಲ್ಲಿ ಅರ್ಧ ಜನ ಈ ಮಾತಿನಿಂದಲೇ ಶುರು ಮಾಡುತ್ತಾರೆ. ಇಂಗ್ಲಿಷಿನ ಹೆಸರು ಬಂದದ್ದು ಭೌತವಿಜ್ಞಾನದ ಕಡೆಯಿಂದ. ಮನೋವಿಶ್ಲೇಷಣೆಯನ್ನು ಕಟ್ಟಿದ ಫ್ರಾಯ್ಡ್ ಡಾಕ್ಟರಾಗುವ ಮೊದಲು ವಿಯೆನ್ನಾದಲ್ಲಿ ಬ್ರೂಕೆ ಎಂಬ ಶರೀರಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ದೇಹದಲ್ಲಿ ನಡೆಯುವುದೆಲ್ಲ ಬಲಗಳ ಆಟ ಎಂದು ನಂಬಿದ ಪ್ರಯೋಗಾಲಯ ಅದು. ಒಂದು ಬಲ ಮೇಲೆ ಬರಲು ನೂಕುತ್ತದೆ, ಇನ್ನೊಂದು ಅದನ್ನು ಒಳಗೇ ಒತ್ತಿ ಹಿಡಿಯುತ್ತದೆ. ಎರಡರ ನಡುವಿನ ಜಗ್ಗಾಟವೇ ರೋಗದ ಲಕ್ಷಣವಾಗಿ ಹೊರಗೆ ಕಾಣುತ್ತದೆ. ಮನಸ್ಸಿನ ಬಗ್ಗೆ ಈ ಎಣಿಕೆ ಮನೋವಿಶ್ಲೇಷಣೆಯದು. ಮನೋಗತಿ ಚಿಕಿತ್ಸೆ ಅದೇ ಹೊಟ್ಟೆಯಲ್ಲಿ ಹುಟ್ಟಿದ್ದು.

ಹಾಗಾದರೆ ತಾಯಿಗೂ ಮಗಳಿಗೂ ಏನು ವ್ಯತ್ಯಾಸ? ಹೊರನೋಟಕ್ಕೆ ಹೇಳುವುದು ಸುಲಭ. ಮನೋವಿಶ್ಲೇಷಣೆಯಲ್ಲಿ ರೋಗಿ ಮಂಚದಂಥ ಸೋಫಾದ ಮೇಲೆ ಮಲಗುತ್ತಾನೆ, ವಿಶ್ಲೇಷಕ ತಲೆಯ ಹಿಂದೆ ಕಾಣದಂತೆ ಕೂರುತ್ತಾನೆ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ, ಹೀಗೆ ವರ್ಷಗಟ್ಟಲೆ. ಫ್ರಾಯ್ಡ್ ಭಾನುವಾರ ಬಿಟ್ಟು ವಾರಕ್ಕೆ 6 ದಿನ ನೋಡುತ್ತಿದ್ದರು. ಹಿಂದೆ ಕೂರುವುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ಶುದ್ಧ ಮನುಷ್ಯ ಸಹಜವಾದದ್ದು: ದಿನಕ್ಕೆ 8 ಗಂಟೆ ಯಾರಾದರೂ ತಮ್ಮ ಮುಖವನ್ನೇ ದಿಟ್ಟಿಸುತ್ತಿದ್ದರೆ ತಾಳಲಾರೆ ಎಂದು. ಮನೋಗತಿ ಚಿಕಿತ್ಸೆಯಲ್ಲಿ ಇಬ್ಬರೂ ಎದುರುಬದುರು ಕುರ್ಚಿಯಲ್ಲಿ ಕೂರುತ್ತಾರೆ. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ಇಷ್ಟೇ ಸಲ ಎಂದು ಮೊದಲೇ ಎಣಿಸಿಟ್ಟು, ಒಂದೇ ತೊಡಕನ್ನು ಹಿಡಿದು ನಡೆಸುವ ಚಿಕ್ಕ ಅವಧಿಯ ಬಗೆಗಳೂ ಇವೆ. ವಾರಕ್ಕೆ 5 ಎಂದರೆ ವರ್ಷಕ್ಕೆ ಇನ್ನೂರು ದಾಟುತ್ತದೆ. ನನ್ನ ಈ ಹೆಣ್ಣುಮಗಳಿಗೆ ವರ್ಷಕ್ಕೆ ಸಿಗುವುದು 24, ಅದೂ ಗಾಡಿ ಹೊತ್ತಿಗೆ ಬಂದರೆ.

ಈ ಲೆಕ್ಕದಲ್ಲಿ ನೋಡಿದರೆ ಮನೋಗತಿ ಚಿಕಿತ್ಸೆ ಎಂದರೆ ನೀರು ಬೆರೆಸಿದ ಹಾಲು. ಹಾಗೆ ಎಣಿಸಿದವರು ಬಹಳ ಜನ ಇದ್ದರು, ಈಗಲೂ ಇದ್ದಾರೆ. ಅಮೆರಿಕದ ಮರ್ಟನ್ ಗಿಲ್ ಎಂಬ ವಿಶ್ಲೇಷಕರು 1954ರಲ್ಲಿ ಮನೋವಿಶ್ಲೇಷಣೆಗೆ ಬಹಳ ಬಿಗಿಯಾದ ಲಕ್ಷಣ ಕಟ್ಟಿದರು. 30 ವರ್ಷದ ಮೇಲೆ, 1984ರಲ್ಲಿ, ತಮ್ಮದೇ ಮಾತನ್ನು ತಾವೇ ತಿದ್ದಿದರು. ಸೋಫಾ, ವಾರಕ್ಕೆ ಎಷ್ಟು ಸಲ ಎನ್ನುವುದೆಲ್ಲ ಹೊರಗಿನ ಗುರುತು; ಕೋಣೆಯಲ್ಲಿ ಇಬ್ಬರ ನಡುವೆ ಏಳುವ ಸಂಬಂಧವನ್ನು ಬಿಡಿಸಿ ನೋಡುತ್ತೀರೋ ಇಲ್ಲವೋ ಎಂಬುದೇ ಒಳಗಿನ ಗುರುತು ಎಂದರು. ತಪ್ಪು ಒಪ್ಪಿಕೊಂಡ ಪಂಡಿತರು ಅಪರೂಪವಾದ್ದರಿಂದ ನನಗೆ ಇವರ ಮೇಲೆ ಪ್ರೀತಿ. ನಾನು ನಿಲ್ಲುವುದೂ ಅಲ್ಲೇ. ಗಾಡಿಯ ವೇಳಾಪಟ್ಟಿ ನೋಡಿ ಚಿಕಿತ್ಸೆಯ ಜಾತಿ ಹೇಳಲಾಗದು.

ಈಗ ವರ್ಗಾವಣೆಗೆ ಬರುತ್ತೇನೆ. ಈ ಪದಕ್ಕೆ ವಿಯೆನ್ನಾಕ್ಕೆ ಹೋಗುವ ಅಗತ್ಯವಿಲ್ಲ, ಸುರಪುರಕ್ಕೆ ಹೋದರೆ ಸಾಕು. ಕ್ಯಾಪ್ಟನ್ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ 1841ರಲ್ಲಿ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ಚಿಕ್ಕಂದಿನಲ್ಲೇ ಅವನ ತಂದೆ ತೀರಿಹೋದರು. ಮುಂದೆ 1853ರ ತನಕ ಸಂಸ್ಥಾನದ ಆಡಳಿತ ಟೇಲರನ ಕೈಯಲ್ಲಿ. ಹುಡುಗ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಟೇಲರನಿಗೂ ಒಳಗೆ ಅದೇ ಭಾವ ಇತ್ತೆಂಬುದು 1877ರಲ್ಲಿ ಬಂದ ಅವನ ಆತ್ಮಕತೆ ಓದಿದವರಿಗೆ ಗೊತ್ತು. 1858ರಲ್ಲಿ ರಾಜಾ ಬ್ರಿಟಿಷರ ವಿರುದ್ಧ ಎದ್ದು, ಸುರಪುರ ಬಿದ್ದು, ಅವನು ಹೈದರಾಬಾದಿನಲ್ಲಿ ಸೆರೆಯಾದಾಗ ಟೇಲರ್ ಸೆರೆಮನೆಗೆ ಹೋಗಿ ನೋಡಿದ. ಆಗಲೂ ಬಾಯಲ್ಲಿ ಬಂದದ್ದು 'ಅಪ್ಪಾ' ಎಂಬ ಮಾತೇ. ಜೊತೆಗಿದ್ದವರ ವಿಷಯ ಹೇಳಿಬಿಟ್ಟರೆ ಜೀವ ಉಳಿದೀತು ಎಂಬ ದಾರಿ ಇತ್ತು. ರಾಜಾ ಆ ದಾರಿ ತುಳಿಯಲಿಲ್ಲ. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡನೋ ಬೇರೆಯವರು ಹೊಡೆದರೋ ಎಂಬ ವಾದ ನಮ್ಮ ಜಿಲ್ಲೆಯಲ್ಲಿ ಇನ್ನೂ ತಣ್ಣಗಾಗಿಲ್ಲ.

ಇದನ್ನು ಇತಿಹಾಸಕಾರರು ರಾಜಕೀಯವಾಗಿ ಓದುತ್ತಾರೆ, ಓದಬೇಕು ಕೂಡ. ಆ 'ಅಪ್ಪ' ಪರಸರ್ಕಾರದ ಕೈಯಾಗಿ ಬಂದವನು ಎಂಬುದನ್ನು ಮರೆಯುವಂತಿಲ್ಲ. ನನ್ನ ಕಸುಬಿನ ಕಣ್ಣಿಗೆ ಬೀಳುವುದು ಇನ್ನೊಂದು. ತೀರಿಹೋದ ತಂದೆಯ ಜಾಗ ಖಾಲಿ ಇತ್ತು. ಆ ಜಾಗಕ್ಕೆ ಎದುರಿಗಿದ್ದ ಪರಕೀಯನ ವರ್ಗಾವಣೆಯಾಯಿತು. ಅವನೂ ಅಲ್ಲಿ ಹೋಗಿ ಕೂತ. ಇಂಥ ಭಾವ ಕರೆಯುವವರ ಕಡೆಯಿಂದ ಬಂದರೆ ವರ್ಗಾವಣೆ, ಕರೆಸಿಕೊಂಡವರ ಮನಸ್ಸಿನಲ್ಲಿ ಎದ್ದರೆ ಪ್ರತಿವರ್ಗಾವಣೆ. ಊರಿನ ಹಿರಿಯರನ್ನು ಅಪ್ಪಾ, ಕಾಕಾ, ಯಣ್ಣಾ ಎನ್ನುವಾಗ ನಾವೂ ಇದನ್ನೇ ಮಾಡುತ್ತೇವೆ, ತಪ್ಪೇನಿಲ್ಲ. 'ಅಪ್ಪಾ' ಎಂದು ಕರೆಸಿಕೊಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ಅಪ್ಪನೇ ಆಗಿಬಿಡುತ್ತಾರೆ, ಇಲ್ಲವೆ 'ನಾನ್ಯಾಕೆ ನಿನ್ನ ಅಪ್ಪ' ಎಂದು ಕೈ ಕೊಡವುತ್ತಾರೆ. ಮನೋವಿಶ್ಲೇಷಣೆ, ಮನೋಗತಿ ಚಿಕಿತ್ಸೆ ಎರಡೂ ಮೂರನೆಯದೊಂದನ್ನು ಕಲಿಸಲು ಹೆಣಗುತ್ತವೆ. ಕರೆ ಬಂದದ್ದನ್ನು ತಳ್ಳದೆ, ಆ ಪಾತ್ರಕ್ಕೂ ಇಳಿಯದೆ, ಇಬ್ಬರೂ ಕೂಡಿ 'ಇದು ಎಲ್ಲಿಂದ ಬಂತು' ಎಂದು ನೋಡುವುದು. ಈ ಚಿಕಿತ್ಸೆಯ ಲಕ್ಷಣ ಏನೆಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಯೋಚನೆಯ ತಪ್ಪು ತಿದ್ದಿ ಮನೆಗೆಲಸ ಕೊಡುವ ಸಿ.ಬಿ.ಟಿ. ಬೇರೆ ಜಾತಿಯ ಚಿಕಿತ್ಸೆ. ಬೇಗ ಆಗುತ್ತದೆ, ಬಹಳ ಜನಕ್ಕೆ ಉಪಯೋಗವೂ ಆಗುತ್ತದೆ. ಅದರಲ್ಲಿ ರೊಟ್ಟಿ ಯಾಕೆ ತಂದಿರಿ ಎಂದು ಯಾರೂ ಕೇಳುವುದಿಲ್ಲ.

ಪ್ರತಿವರ್ಗಾವಣೆ ಹಳಿ ತಪ್ಪಿದರೆ ಏನಾಗುತ್ತದೆಂದು ನೋಡಲು ಕನ್ನಡಿಗರು ಪುಸ್ತಕ ತೆರೆಯಬೇಕಿಲ್ಲ. ಪುಟ್ಟಣ್ಣ ಕಣಗಾಲರ 'ಮಾನಸ ಸರೋವರ' 1982ರಲ್ಲೇ ಬಂದಿದೆ. ಹುಚ್ಚು ಹಿಡಿದ ಹೆಣ್ಣುಮಗಳನ್ನು ಗುಣಪಡಿಸಿದ ಮನೋವೈದ್ಯ ಅವಳನ್ನೇ ಪ್ರೀತಿಸಿ, ಅವಳು ಬೇರೆಯವನನ್ನು ಮೆಚ್ಚಿದಾಗ ತಾನೇ ಹುಚ್ಚನಾಗುತ್ತಾನೆ. ಹಾಡು ಕೇಳಿ ಅತ್ತವರು ನೀವೂ ಇರಬೇಕು, ನಾನೂ ಅತ್ತಿದ್ದೇನೆ. ಆದರೆ ತರಗತಿಯಲ್ಲಿ ಈ ಚಿತ್ರದ ಬಗ್ಗೆ ಮಾತಾಡುವಾಗ ನಾನು ಕೇಳುವ ಪ್ರಶ್ನೆ ಒಂದೇ: ಈ ಡಾಕ್ಟರಿಗೆ ತನ್ನ ಮನಸ್ಸು ಬಿಚ್ಚಲು ಇನ್ನೊಬ್ಬ ಡಾಕ್ಟರು ಯಾಕೆ ಇರಲಿಲ್ಲ? ಮನೋವಿಶ್ಲೇಷಕರಾಗಲು ಹೊರಟವರು ಮೊದಲು ತಾವೇ ಸೋಫಾದ ಮೇಲೆ ಮಲಗಿ ವರ್ಷಗಟ್ಟಲೆ ವಿಶ್ಲೇಷಣೆ ಮಾಡಿಸಿಕೊಳ್ಳಬೇಕೆಂಬ ಕಟ್ಟಳೆ ಇದೆ. ಮನೋಗತಿ ಚಿಕಿತ್ಸಕರಿಗೆ ಅಷ್ಟು ಬಿಗಿಯಿಲ್ಲ. ಒಬ್ಬ ಹಿರಿಯರ ಮುಂದೆ ತಮ್ಮ ಕೆಲಸವನ್ನು ಒಪ್ಪಿಸುತ್ತಿರಬೇಕು. ತಾಯಿಗೂ ಮಗಳಿಗೂ ಇರುವ ನಿಜವಾದ ವ್ಯತ್ಯಾಸ ಇದ್ದರೆ ಇಲ್ಲಿದೆ ಎಂದು ನನ್ನ ಅನಿಸಿಕೆ. ಮಗಳ ಕಡೆ ಈ ಶಿಸ್ತು ಸಡಿಲವಾಗಿರುವುದು ಒಳ್ಳೆಯದಲ್ಲ.

ನನ್ನ ಹಿರಿಯರಿಗೆ ನಾನು ರೊಟ್ಟಿಯ ವಿಷಯ ಹೇಳಿದೆ. ಅವರು ಹಳೆಯ ಕಾಲದವರು. "ತಿಂದೆಯಾ?" ಎಂದರು. "ತಿಂದೆ." "ಹಾಗಾದರೆ ಅವಳು ನಿನ್ನ ಮೇಲೆ ಸಿಟ್ಟಾಗುವುದು ಹೇಗೆ?" ಎಂದು ಕೇಳಿ ಸುಮ್ಮನಾದರು. ಆಗ ನನಗದು ಅತಿ ಎನಿಸಿತು.

ಕಿಟಕಿಯ ಮಾತೊಂದನ್ನು ನಡುವೆ ಹೇಳಿಬಿಡುತ್ತೇನೆ, ಸೈದಾಪುರದವರಿಗೆ ಹೇಳಲೇಬೇಕಾದದ್ದು. ಮನಸ್ಸಿಗೆ ಬಂದದ್ದೆಲ್ಲ ಬಂದ ಹಾಗೆ ಹೇಳಿ ಎಂಬುದು ಈ ಚಿಕಿತ್ಸೆಯ ಮೂಲ ನಿಯಮ. ಅದನ್ನು ರೋಗಿಗಳಿಗೆ ತಿಳಿಸಲು ಫ್ರಾಯ್ಡ್ 1913ರಲ್ಲಿ ರೈಲಿನ ಉಪಮೆ ಕೊಟ್ಟರು: ನೀವು ಕಿಟಕಿ ಪಕ್ಕ ಕೂತಿದ್ದೀರಿ, ಒಳಗೆ ಕೂತವರಿಗೆ ಹೊರಗೆ ಕಾಣುವುದು ಬದಲಾದ ಹಾಗೆಲ್ಲ ಹೇಳುತ್ತಾ ಹೋಗಿ ಎಂದು. ಮುಂಬೈ ಕಡೆಯ ಹಳಿ, ಮದ್ರಾಸಿನ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ; ಅಂದಿನಿಂದ ನಮ್ಮವರು ಈ ಕಿಟಕಿಯ ಪಕ್ಕ ಕೂತಿದ್ದಾರೆ. ಆ ಹೆಣ್ಣುಮಗಳಿಗೆ ನಿಯಮ ಹೇಳಿದಾಗ ಅವಳು ಅದನ್ನು ಅಕ್ಷರಶಃ ತೆಗೆದುಕೊಂಡಳು. ತೊಗರಿ ಹೊಲ ಬಂತು, ಹತ್ತಿ ಬಂತು, ಗುಂಡುಗಳ ಗುಡ್ಡ ಬಂತು, ಕೃಷ್ಣೆಯ ಬ್ರಿಜ್ ಬಂತು ಎಂದು ದಾರಿಯಲ್ಲಿ ಕಂಡದ್ದನ್ನೇ ವರದಿ ಮಾಡಿದಳು. ನನಗೆ ಮೊದಲು ನಗು. ಆಮೇಲೆ ಗಮನಿಸಿದೆ: ಪ್ರತಿ ಸಲ ಒಂದು ಹೊಲದ ಹತ್ತಿರ ಬಂದಾಗ ಮಾತು ನಿಂತು, ನೀರು ಕುಡಿಯುತ್ತಿದ್ದಳು. ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿ ಒಳಗಿನ ಜಗ್ಗಾಟ ಇದೆ. ಅದನ್ನು ಪ್ರತಿರೋಧ ಎನ್ನುತ್ತೇವೆ. ವರ್ಗಾವಣೆ, ಪ್ರತಿರೋಧ ಈ ಎರಡನ್ನು ಒಪ್ಪಿ ಮುನ್ನಡೆಯುವ ಯಾರೇ ಆದರೂ ತಮ್ಮ ಕೆಲಸವನ್ನು ಮನೋವಿಶ್ಲೇಷಣೆ ಎಂದು ಕರೆದುಕೊಳ್ಳಬಹುದು ಎಂದು ಫ್ರಾಯ್ಡ್ 1914ರಲ್ಲಿ ಬರೆದಿದ್ದರು. ಮನೆಯ ಯಜಮಾನರೇ ಬಾಗಿಲು ತೆರೆದಿಟ್ಟಿದ್ದರು. ಕದ ಹಾಕಿದವರು ಬಂಧುಬಳಗದವರು.

ಯಜಮಾನರು ಇನ್ನೂ ಒಂದು ಮಾತು ಹೇಳಿದರು. 1918ರ ಸೆಪ್ಟೆಂಬರಿನಲ್ಲಿ, ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಬುಡಾಪೆಸ್ಟಿನಲ್ಲಿ ವಿಶ್ಲೇಷಕರ ಸಮ್ಮೇಳನ. ಬಡವರಿಗೂ ಈ ಚಿಕಿತ್ಸೆ ಪುಕ್ಕಟೆ ಸಿಗುವ ಕಾಲ ಬರುತ್ತದೆ, ಆಗ ವಿಶ್ಲೇಷಣೆಯ ಶುದ್ಧ ಬಂಗಾರಕ್ಕೆ ನೇರ ಸಲಹೆಯ ತಾಮ್ರ ಬೆರೆಸಬೇಕಾದೀತು ಎಂದರು. ಎರಡು ವರ್ಷದಲ್ಲಿ ಬರ್ಲಿನ್ನಿನಲ್ಲಿ ಅಂಥ ಚಿಕಿತ್ಸಾಲಯ ತೆರೆಯಿತು. ಈ ಉಪಮೆಯನ್ನು ಪಶ್ಚಿಮದಲ್ಲಿ ತಾಮ್ರದ ಅವಹೇಳನ ಎಂದೇ ಓದುತ್ತಾ ಬಂದರು. ನಮ್ಮ ಪತ್ತಾರರನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದರು. ಅಪರಂಜಿಯಲ್ಲಿ ಬೋರಮಾಳ ಮಾಡಿಸಿಕೊಂಡು ಯಾರು ಹಾಕಿಕೊಳ್ಳುತ್ತಾರೆ? ಎರಡು ದಿನದಲ್ಲಿ ಬಾಗುತ್ತದೆ, ಸವೆಯುತ್ತದೆ. ಮೈಮೇಲೆ ನಿಲ್ಲುವುದು 916ರದು. ಸಾವಿರಕ್ಕೆ 84 ಪಾಲು ಬೇರೆ ಲೋಹ ಇರುವುದರಿಂದಲೇ ಅದು ಒಡವೆ. ಅಮೆರಿಕದ ಮೆನಿಂಜರ್ ಚಿಕಿತ್ಸಾಲಯದಲ್ಲಿ 42 ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಕೆಲವರಿಗೆ ಪೂರ್ಣ ವಿಶ್ಲೇಷಣೆ, ಕೆಲವರಿಗೆ ಮನೋಗತಿ ಚಿಕಿತ್ಸೆ. ರಾಬರ್ಟ್ ವಾಲರ್‌ಸ್ಟೈನ್ 1986ರಲ್ಲಿ ಬರೆದ ವರದಿ ದೊಡ್ಡ ಗ್ರಂಥ. ಅದರ ಮುಖ್ಯ ಸಂಗತಿ: ಆಸರೆ ಕೊಟ್ಟು ನಡೆಸಿದ ಚಿಕಿತ್ಸೆಯಿಂದ ಬಂದ ಬದಲಾವಣೆ ಯಾರೂ ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಉಳಿಯಿತು, ಶುದ್ಧ ವಿಶ್ಲೇಷಣೆ ಎಂದು ನಡೆಸಿದ್ದರಲ್ಲೂ ಆಸರೆ ಸಾಕಷ್ಟು ಸೇರಿಕೊಂಡಿತ್ತು. ಅಪರಂಜಿ ಎಂದುಕೊಂಡದ್ದರಲ್ಲೂ ತಾಮ್ರ ಇತ್ತು!

ಭಾರತಕ್ಕೆ ಮನೋವಿಶ್ಲೇಷಣೆ ತಡವಾಗಿ ಬಂದದ್ದಲ್ಲ. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿ, ಫ್ರಾಯ್ಡರ ಜೊತೆ ಪತ್ರದಲ್ಲೇ ವಾದ ಮಾಡಿದವರು. ಕನ್ನಡಕ್ಕೆ ಅದು ಬಂದದ್ದು ಆಸ್ಪತ್ರೆಯ ಬಾಗಿಲಿಗಿಂತ ಸಾಹಿತ್ಯದ ಬಾಗಿಲಿನಿಂದ. ತ್ರಿವೇಣಿಯವರ ಕಾದಂಬರಿಗಳಿಂದ, 'ಕೊರವಂಜಿ'ಯ ರಾಶಿ ಅಂದರೆ ಡಾ. ಎಂ. ಶಿವರಾಂ ಅವರಿಂದ. ನಗಿಸುವ ಪತ್ರಿಕೆ ನಡೆಸಿದ ಆ ವೈದ್ಯರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ರೋಗಗಳ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ನನಗೆ ಇದು ಸರಿಯಾಗಿಯೇ ಕಾಣುತ್ತದೆ.

ಆಸ್ಪತ್ರೆಯ ಕಡೆಯಿಂದ ಬಂದ ದೊಡ್ಡ ಮಾತು 1964ರದು. ಇಂದಿನ ನಿಮ್ಹಾನ್ಸ್ ಆಗ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ. ಅಲ್ಲಿನ ಮನೋವೈದ್ಯರಾಗಿದ್ದ ಎನ್.ಸಿ. ಸೂರ್ಯ, ಎಸ್.ಎಸ್. ಜಯರಾಮ್ ಜೊತೆ ಒಂದು ಲೇಖನ ಬರೆದರು. ನಮ್ಮ ರೋಗಿಗಳು ಒಳಗಿನ ಕಾರಣ ಹುಡುಕಲು ಬರುವುದಿಲ್ಲ, ಕಣ್ಣಿಗೆ ಕಾಣುವ ಆಸರೆ ಕೇಳುತ್ತಾರೆ. ಹೊತ್ತಿನ ಗಡಿ ಹಾಕಿದರೆ ಒಪ್ಪುವುದಿಲ್ಲ. ಚಿಕಿತ್ಸಕ ಕೂಡುಕುಟುಂಬದ ಹಿರಿಯನಂತೆ ಇರಬೇಕೆಂದು ಬಯಸುತ್ತಾರೆ ಎಂಬುದು ಅದರ ಸಾರ. ಅರವತ್ತು ವರ್ಷದ ಮೇಲೂ ಈ ಮಾತು ನನ್ನ ಕೋಣೆಯಲ್ಲಿ ದಿನವೂ ನಿಜವಾಗುತ್ತದೆ. ಆದರೆ ಅದರಿಂದ ಕೆಲವರು ತೆಗೆದ ತೀರ್ಮಾನ, ಅಂದರೆ ನಮ್ಮ ಜನಕ್ಕೆ ಒಳನೋಟ ಬೇಡ, ಬುದ್ಧಿ ಹೇಳಿ ಕಳಿಸಿದರೆ ಸಾಕು ಎಂಬುದು, ನನಗೆ ಒಪ್ಪಿಗೆಯಿಲ್ಲ. ಆಸರೆ ಕೇಳುವವರಿಗೆ ಒಳನೋಟ ಬೇಡವೆಂದು ಯಾರು ಹೇಳಿದರು?

ಸಿದ್ಧಾಂತವನ್ನು ಆಮದು ಮಾಡಿಕೊಳ್ಳುವಾಗ ಎಚ್ಚರ ಬೇಕು ಎಂಬುದಂತೂ ನಿಜ. ಎ.ಕೆ. ರಾಮಾನುಜನ್ 1960ರ ದಶಕದಲ್ಲಿ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬಳಿಂದ ಒಂದು ಕತೆ ಬರೆದುಕೊಂಡರು. ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತು ಹುಟ್ಟಿದವಳ ಕತೆ. ಗ್ರೀಕರ ಈಡಿಪಸ್ ಕತೆಯೇ, ಆದರೆ ಹೇಳುವ ದನಿ ತಾಯಿಯದು. ಈಡಿಪಸ್ ತಂದೆಯನ್ನು ಕೊಲ್ಲುತ್ತಾನೆ. ನಮ್ಮ ಪುರಾಣಗಳಲ್ಲಿ ಬಾಣ ತಿರುಗಿ ಬರುತ್ತದೆ ಎಂದು ರಾಮಾನುಜನ್ ತೋರಿಸಿದರು. ಯಯಾತಿಗೆ ಪುರು ಯೌವನ ಕೊಡುತ್ತಾನೆ, ಶಂತನುವಿಗಾಗಿ ಭೀಷ್ಮ ಮದುವೆ ಬಿಡುತ್ತಾನೆ. ನನ್ನ ಕಸುಬಿಗೆ ಇದರಿಂದ ಸಿಕ್ಕ ಪಾಠ ಸಣ್ಣದು: ಎಲ್ಲ ಕತೆಯಲ್ಲೂ ಅಪ್ಪನನ್ನೇ ಹುಡುಕಬೇಡ. ನಮ್ಮ ಹೆಣ್ಣುಮಗಳ ಗಂಟಲಲ್ಲಿ ಇದ್ದವನು ಅಪ್ಪ ಆಗಿರಲಿಲ್ಲ.

ಐದನೆಯದೋ ಆರನೆಯದೋ ಭೇಟಿ. ಹಿಂದಿನವರ ಮಾತು ಮುಗಿಯದೆ ಅವಳನ್ನು 25 ನಿಮಿಷ ಹೊರಗೆ ಕಾಯಿಸಿದೆ. ತಪ್ಪು ನನ್ನದೇ. ಒಳಗೆ ಬಂದು, "ಇರ್ಲಿ ಬಿಡ್ರಿ, ನಿಮಗ ಭಾಳ ಮಂದಿ ಇರ್ತಾರ" ಎಂದು ನಕ್ಕಳು. ನಕ್ಕವಳ ಕೈ ಗಂಟಲಿಗೆ ಹೋಯಿತು. ರೊಟ್ಟಿಯ ಗಂಟು ಮಡಿಲಲ್ಲೇ ಇತ್ತು, ಮೇಜಿನ ಮೇಲೆ ಬರಲಿಲ್ಲ. "ನನ್ನ ಮ್ಯಾಲ ಸಿಟ್ಟು ಬಂದದೇನು?" ಎಂದು ಕೇಳಿದೆ. "ನಿಮ್ಮ ಮ್ಯಾಲ ಹ್ಯಾಂಗ ಸಿಟ್ಟಾಗ್ಲಿ? ನಮ್ಮಣ್ಣನ ಮ್ಯಾಲೇ ಆಗಿಲ್ಲ" ಎಂದಳು. ಅಣ್ಣನ ಹೆಸರು ಆ ಕೋಣೆಯಲ್ಲಿ ಬಂದದ್ದು ಅದೇ ಮೊದಲು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ತಂದೆ ಹೋದ ಮೇಲೆ ಅಣ್ಣನೇ ಸಾಕಿ, ಮದುವೆ ಮಾಡಿದ್ದ. ಮೂರು ವರ್ಷದ ಹಿಂದೆ ಪಂಚಮಿಗೆ ತವರಿಗೆ ಕರೆಸಿ, ಉಂಡಿ ತಿನ್ನಿಸಿ, "ಇಲ್ಲೊಂದು ಸೈ ಮಾಡು ತಂಗಿ" ಎಂದು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟಿದ್ದ. ಮಾಡಿದಳು. ಕಿಟಕಿಯಿಂದ ಕಾಣುವ ಆ ಹೊಲ ಯಾವುದೆಂದು ನಾನು ಹೇಳಬೇಕಿಲ್ಲ. "ಏನೂ ಅನಲಿಲ್ರಿ. ನುಂಗಿಕೊಂಡೆ" ಎಂದಳು. ಆ ಪದ ತನ್ನ ಬಾಯಿಂದಲೇ ಬಂದದ್ದು ಅವಳಿಗೆ ಕೇಳಿಸಿತು. ಅಣ್ಣನಿಗೆ ಸಜ್ಜಿ ರೊಟ್ಟಿ ಎಂದರೆ ಜೀವವಂತೆ. ಪ್ರತಿ ಪಂಚಮಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಒಯ್ಯುತ್ತಿದ್ದಳು.

ಸಿಟ್ಟು ನುಂಗುವುದು, ಮಾತು ಗಂಟಲಲ್ಲಿ ಸಿಕ್ಕುವುದು ಕನ್ನಡಕ್ಕೆ ಎಂದಿನಿಂದಲೂ ಗೊತ್ತು. ಆದರೆ ಆ ಒಂದು ದಿನದಿಂದ ಗಂಟಲು ತಿಳಿಯಾಯಿತು ಎಂದು ನಾನು ಹೇಳಿದರೆ ಅದು ಸಿನಿಮಾ ಆದೀತು. ಕಡಿಮೆಯಾಯಿತು, ಮತ್ತೆ ಹೆಚ್ಚಾಯಿತು. ಪತ್ರದ ವಿಷಯಕ್ಕೆ ಒಬ್ಬ ವಕೀಲರನ್ನು ಕಾಣುವ ದಾರಿಯೂ ಇದೆ ಎಂದು ನಾನು ಬಾಯಿಬಿಟ್ಟು ಹೇಳಿದೆ, ಅದು ತಾಮ್ರ. ನನ್ನ ಹಿರಿಯರ ಪ್ರಶ್ನೆ ಅತಿಯೇನಲ್ಲ ಎಂಬುದು ಆಗ ತಿಳಿಯಿತು: ರೊಟ್ಟಿ ತಿಂದು ತಿಂದು ನಾನು ಸಿಟ್ಟಾಗಲು ಬಾರದ ಅಣ್ಣನಾಗಿಬಿಟ್ಟಿದ್ದೆ. ಅಂದಿನಿಂದ ಗಂಟು ಮೇಜಿನ ಮೇಲೆ ಬಂದರೆ ಬೇಡ ಎನ್ನುವುದಿಲ್ಲ, ಅದರ ಬಗ್ಗೆ ಮಾತಾಡದೆ ಬಿಡುವುದೂ ಇಲ್ಲ.

ಎಲ್ಲ ರೋಗಕ್ಕೂ ಇದು ಆಗದು. ಕಿವಿಯಲ್ಲಿ ದನಿ ಕೇಳುವವರಿಗೆ, ನಿದ್ದೆ ಊಟ ಬಿಟ್ಟವರಿಗೆ ಮೊದಲು ಮಾತ್ರೆ ಬೇಕು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಯೋಜನೆ ಇರುವುದು ಅದಕ್ಕೇ. ಸಾಯುವ ಯೋಚನೆ ಬಂದವರು ಮಂಗಳವಾರದ ತನಕವೂ ಕಾಯಬಾರದು, ಟೆಲಿ ಮಾನಸ್‌ನ 14416ಕ್ಕೆ ಆ ಕ್ಷಣವೇ ಫೋನ್ ಮಾಡಬೇಕು. ನಾನು ಹೇಳಿದ್ದು ಅಷ್ಟು ತುರ್ತಿಲ್ಲದ, ಆದರೆ ಹಲವು ವರ್ಷದಿಂದ ಬಿಡದೆ ಕಾಡುವ ನೋವಿನ ಚಿಕಿತ್ಸೆಯ ವಿಷಯ.

ಪಂಚಮಿ ಮುಗಿಸಿ ಅವಳು ಬಂದಳು. ತವರಿಗೆ ಹೋಗಿದ್ದೆ ಎಂದಳು. ಅಣ್ಣನಿಗೆ ಏನಂದಿ ಎಂದು ಕೇಳಿದೆ.

"ಏನೂ ಅನಲಿಲ್ರಿ ಅಕ್ಕೋರ. ರೊಟ್ಟಿ ಒಯ್ದಿದ್ದಿಲ್ಲ."

ಅವತ್ತು ನನಗೂ ತಂದಿರಲಿಲ್ಲ.